ಮೇಜಿನ ಮುಂದಿನ ದುಡಿಮೆ: ಬೆನ್ನು, ಕಣ್ಣು, ಕೈಗಳ ರಕ್ಷಣೆ ಹೇಗೆ?

ಕುಳಿತು ಮಾಡುವ ಕೆಲಸ ಸುಖದ ಕೆಲಸವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಬಿಸಿಲಿಲ್ಲ, ಮಳೆಯಿಲ್ಲ, ಹೊರೆ ಹೊರಬೇಕಿಲ್ಲ. ಆದರೆ ಸರ್ಕಾರಿ ಕಚೇರಿಯ ಗುಮಾಸ್ತರು, ಬ್ಯಾಂಕ್ ಸಿಬ್ಬಂದಿ, ಬೆಂಗಳೂರಿನ ಸಾಫ್ಟ್‌ವೇರ್ ತಂತ್ರಜ್ಞರು ಹೀಗೆ ದಿನಕ್ಕೆ ಎಂಟು-ಹತ್ತು ಗಂಟೆ ಕುರ್ಚಿಯಲ್ಲೇ ಕಳೆಯುವವರನ್ನು ವಿಚಾರಿಸಿದರೆ ಸೊಂಟನೋವು, ಕತ್ತಿನ ಬಿಗಿತ, ಕಣ್ಣುರಿ, ಬೆರಳುಗಳ ಜೋಮು ಇವುಗಳಲ್ಲಿ ಒಂದಲ್ಲ ಒಂದು ದೂರು ಕೇಳಿಬರುತ್ತದೆ.

ಈ ಬಾಧೆ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದ. 1713ರ ವಿಸ್ತೃತ ಆವೃತ್ತಿಯಲ್ಲಿ ಬರವಣಿಗೆಯ ಕಸುಬಿನವರ ತೊಂದರೆಗಳಿಗೆ ಆತ ಮೂರು ಕಾರಣಗಳನ್ನು ಹೇಳಿದ್ದಾನೆ: ಸದಾ ಕುಳಿತೇ ಇರುವುದು, ಕೈಯ ಒಂದೇ ಬಗೆಯ ನಿರಂತರ ಚಲನೆ ಹಾಗೂ ತಪ್ಪಾಗದಂತೆ ಬರೆಯಬೇಕೆಂಬ ಮನಸ್ಸಿನ ಒತ್ತಡ. ಇಂದಿನ ಕಚೇರಿಗಳಲ್ಲಿಯೂ ಈ ಮೂರು ಕಾರಣಗಳು ಹಾಗೆಯೇ ಉಳಿದಿವೆ.

ದುಬಾರಿ ಕುರ್ಚಿ ಕೊಂಡರೆ ಸಮಸ್ಯೆ ಬಗೆಹರಿಯುತ್ತದೆ ಎಂದು ಅನೇಕರು ನಂಬುತ್ತಾರೆ. ವಾಸ್ತವದಲ್ಲಿ ಮಾಡಬೇಕಾದ ಕೆಲಸಗಳು ಎರಡು. ಮೇಜು, ಕುರ್ಚಿಗಳನ್ನು ನಮ್ಮ ಮೈಯಳತೆಗೆ ಹೊಂದಿಸಿಕೊಳ್ಳುವುದು ಮೊದಲನೆಯದು. ಎಷ್ಟೇ ಚೆನ್ನಾಗಿ ಹೊಂದಿಸಿಕೊಂಡಿದ್ದರೂ ಆಗಾಗ ಎದ್ದೇಳುವುದು ಎರಡನೆಯದು. ಎರಡನೆಯದೇ ಹೆಚ್ಚು ಮುಖ್ಯ.

ಕುಳಿತೇ ಇದ್ದರೆ ಆಗುವುದೇನು?

ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಯಂಥ ಡಿಸ್ಕ್‌ಗಳಿಗೆ ವಯಸ್ಕರಲ್ಲಿ ನೇರವಾದ ರಕ್ತಪೂರೈಕೆ ಬಹುಮಟ್ಟಿಗೆ ಇರುವುದಿಲ್ಲ. ಅಕ್ಕಪಕ್ಕದ ಮೂಳೆಗಳಿಂದ ದ್ರವದ ಮೂಲಕ ಒಸರಿ ಬರುವ ಪೋಷಕಾಂಶಗಳೇ ಅವುಗಳಿಗೆ ಆಧಾರ. ಭಂಗಿ ಬದಲಾದಂತೆ ಡಿಸ್ಕ್‌ಗಳ ಮೇಲಿನ ಒತ್ತಡವೂ ಬದಲಾಗುತ್ತದೆ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕುಳಿತಾಗ ಒತ್ತಡ ಒಂದೇ ಕಡೆ ಬೀಳುತ್ತದೆ. ಸ್ನಾಯುಗಳು ಸಡಿಲಗೊಳ್ಳದೆ ದಣಿಯುತ್ತವೆ.

ಹಾನಿ ಬೆನ್ನಿಗಷ್ಟೇ ಸೀಮಿತವಲ್ಲ. ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಬಸ್ ನೌಕರರನ್ನು ಕುರಿತು ನಡೆಸಿದ ಅಧ್ಯಯನ 1953ರಲ್ಲಿ ಪ್ರಕಟವಾಯಿತು. ದಿನವಿಡೀ ಕುಳಿತಿರುತ್ತಿದ್ದ ಚಾಲಕರಿಗಿಂತ, ಎರಡಂತಸ್ತಿನ ಬಸ್ಸುಗಳ ಮೆಟ್ಟಿಲು ಹತ್ತಿಳಿಯುತ್ತಿದ್ದ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿದ್ದುದು ಅದರಲ್ಲಿ ಕಂಡುಬಂತು. ಆಸ್ಟ್ರೇಲಿಯಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಅಧಿಕ ತೂಕದ ವಯಸ್ಕರು ಪ್ರತಿ 20 ನಿಮಿಷಕ್ಕೊಮ್ಮೆ ಎದ್ದು ಕೇವಲ 2 ನಿಮಿಷ ನಿಧಾನವಾಗಿ ನಡೆದಾಗ, ಆಹಾರಾನಂತರ ರಕ್ತದಲ್ಲಿ ಏರುವ ಸಕ್ಕರೆಯ ಪ್ರಮಾಣ ಸುಮಾರು ಕಾಲುಭಾಗ ತಗ್ಗಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ ದಾಟಿದೆ. ಈ ಹಿನ್ನೆಲೆಯಲ್ಲಿ ಎರಡು ನಿಮಿಷದ ನಡಿಗೆಯನ್ನು ಕ್ಷುಲ್ಲಕವೆಂದು ತಳ್ಳಿಹಾಕುವಂತಿಲ್ಲ.

ಕುರ್ಚಿ ಮತ್ತು ಮೇಜು

ನಮ್ಮ ಕಚೇರಿಗಳ ಮೇಜುಗಳು ಸಾಮಾನ್ಯವಾಗಿ 72ರಿಂದ 76 ಸೆಂ.ಮೀ. ಎತ್ತರವಿರುತ್ತವೆ. ಐದು ಅಡಿ ಎತ್ತರದ ಮಹಿಳೆಯೊಬ್ಬರು ಅದರ ಮುಂದೆ ಪಾದಗಳನ್ನು ನೆಲಕ್ಕೂರಿ ಕುಳಿತರೆ ಕೀಲಿಮಣೆ ಮೊಣಕೈಗಿಂತ ಮೇಲಿರುತ್ತದೆ. ಆಗ ಹೆಗಲನ್ನು ಎತ್ತಿ ಹಿಡಿದೇ ಬೆರಳಚ್ಚು ಮಾಡಬೇಕಾಗುತ್ತದೆ. ಸಂಜೆಯ ಕತ್ತುನೋವಿಗೆ ಇದೂ ಒಂದು ಕಾರಣ. ಭಾರತೀಯರ ಮೈಯಳತೆಗಳನ್ನು ಸಂಗ್ರಹಿಸಿ ದೇಬ್‌ಕುಮಾರ್ ಚಕ್ರಬರ್ತಿಯವರು ಸಿದ್ಧಪಡಿಸಿದ ಕೈಪಿಡಿಯನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿಯೇ ಪ್ರಕಟಿಸಿದೆ. ಆದರೂ ಎಲ್ಲರಿಗೂ ಒಂದೇ ಅಳತೆಯ ಪೀಠೋಪಕರಣ ಕೊಳ್ಳುವ ಪದ್ಧತಿ ಮುಂದುವರಿದಿದೆ.

ಮೇಜಿನ ಎತ್ತರ ಬದಲಿಸಲಾಗದಿದ್ದರೆ ಮೊಣಕೈಯಿಂದ ಲೆಕ್ಕ ಆರಂಭಿಸಿ. ಹೆಗಲು ಸಡಿಲವಾಗಿದ್ದು, ಮುಂಗೈ ನೆಲಕ್ಕೆ ಸಮಾನಾಂತರವಾಗಿ ಕೀಲಿಮಣೆ ಮುಟ್ಟುವವರೆಗೆ ಕುರ್ಚಿಯನ್ನು ಏರಿಸಿ. ಆಗ ಪಾದಗಳು ನೆಲಕ್ಕೆ ಎಟುಕದಿದ್ದರೆ ಕೆಳಗೆ ಮರದ ಮಣೆಯನ್ನೋ ಗಟ್ಟಿ ಪೆಟ್ಟಿಗೆಯನ್ನೋ ಇಟ್ಟುಕೊಳ್ಳಿ. ಕಾಲು ತೂಗುಬಿಟ್ಟು ಕುಳಿತರೆ ಆಸನದ ಅಂಚು ತೊಡೆಯನ್ನು ಒತ್ತುತ್ತದೆ. ಆಸನದ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು-ಮೂರು ಬೆರಳಿನಷ್ಟು ಅಂತರವಿರಲಿ. ಬೆನ್ನು ಪೂರ್ಣವಾಗಿ ಒರಗಿರಲಿ. ಸೊಂಟದ ಬಳಿ ಆಸರೆಯಿಲ್ಲದಿದ್ದರೆ ಟವೆಲ್ ಸುರುಳಿ ಸುತ್ತಿ ಇಡಬಹುದು. ಸೈನಿಕನಂತೆ ಸೆಟೆದು ಕೂರುವ ಅಗತ್ಯವಿಲ್ಲ. ತುಸು ಹಿಂದಕ್ಕೆ ಒರಗುವುದರಿಂದ ಬೆನ್ನಿನ ಹೊರೆ ತಗ್ಗುತ್ತದೆ.

ಪರದೆ ಮತ್ತು ಕಣ್ಣು

ಮಾನಿಟರ್ ಸುಮಾರು ಒಂದು ತೋಳಿನಷ್ಟು ದೂರವಿರಲಿ. ಅದರ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗಿರಬೇಕು. ಎರಡು ಬಗೆಯ ಮಸೂರವಿರುವ ಬೈಫೋಕಲ್ ಕನ್ನಡಕ ಧರಿಸುವವರು ಪರದೆಯನ್ನು ಇನ್ನೂ ಕೆಳಗಿಳಿಸಬೇಕು. ಇಲ್ಲವಾದರೆ ಕೆಳಗಿನ ಮಸೂರದಿಂದ ಓದಲು ತಲೆಯನ್ನು ಹಿಂದಕ್ಕೆ ಬಾಗಿಸಬೇಕಾಗುತ್ತದೆ. ಕಿಟಕಿ ಪರದೆಯ ಹಿಂದೆಯೂ ಬೇಡ, ನಿಮ್ಮ ಬೆನ್ನ ಹಿಂದೆಯೂ ಬೇಡ; ಪಕ್ಕದಲ್ಲಿರಲಿ.

ಸಾಮಾನ್ಯವಾಗಿ ನಿಮಿಷಕ್ಕೆ 15 ಸಲ ಮಿಟುಕುವ ಕಣ್ಣು ಪರದೆಯನ್ನು ದಿಟ್ಟಿಸುವಾಗ ಅದರ ಅರ್ಧದಷ್ಟೂ ಮಿಟುಕದಿರಬಹುದು. ಉರಿ, ಶುಷ್ಕತೆಗೆ ಇದು ಮುಖ್ಯ ಕಾರಣ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ ಎಂಬುದು ನೇತ್ರತಜ್ಞರ ಸಲಹೆ. ಫ್ಯಾನ್ ಅಥವಾ ಹವಾನಿಯಂತ್ರಕದ ಗಾಳಿ ನೇರವಾಗಿ ಮುಖಕ್ಕೆ ಬೀಸದಂತೆಯೂ ನೋಡಿಕೊಳ್ಳಿ.

ಲ್ಯಾಪ್‌ಟಾಪ್‌ನದು ಬೇರೆಯೇ ಸಮಸ್ಯೆ. ಪರದೆ ಮತ್ತು ಕೀಲಿಮಣೆ ಅಂಟಿಕೊಂಡಿರುವುದರಿಂದ ಕತ್ತಿಗೆ ಅನುಕೂಲವಾದರೆ ಕೈಗೆ ತೊಂದರೆ, ಕೈಗೆ ಅನುಕೂಲವಾದರೆ ಕತ್ತಿಗೆ ತೊಂದರೆ. 2020ರ ಲಾಕ್‌ಡೌನ್ ಕಾಲದಲ್ಲಿ ಊಟದ ಮೇಜು, ದಿವಾನ, ಹಾಸಿಗೆಗಳೇ ಕಚೇರಿಗಳಾದಾಗ ಅನೇಕರಿಗೆ ಇದು ಅನುಭವಕ್ಕೆ ಬಂತು. ನಾಲ್ಕಾರು ದಪ್ಪ ಪುಸ್ತಕಗಳ ಮೇಲೆ ಲ್ಯಾಪ್‌ಟಾಪ್ ಇರಿಸಿ, ಪ್ರತ್ಯೇಕ ಕೀಲಿಮಣೆ ಹಾಗೂ ಮೌಸ್ ಬಳಸುವುದೇ ಇದಕ್ಕೆ ಅಗ್ಗದ ಪರಿಹಾರ.

ಕೈ ಮತ್ತು ಮಣಿಕಟ್ಟು

ಬೆರಳಚ್ಚು ಮಾಡುವಾಗ ಮಣಿಕಟ್ಟು ಮೇಲಕ್ಕಾಗಲಿ ಪಕ್ಕಕ್ಕಾಗಲಿ ಬಾಗದೆ ಮುಂಗೈಯ ನೇರದಲ್ಲಿರಬೇಕು. ಮೌಸ್ ಕೀಲಿಮಣೆಯ ಪಕ್ಕದಲ್ಲೇ ಇರಲಿ. ಫೋನನ್ನು ಹೆಗಲು ಮತ್ತು ಕಿವಿಯ ನಡುವೆ ಸಿಕ್ಕಿಸಿಕೊಂಡು ಬೆರಳಚ್ಚು ಮಾಡುವ ಅಭ್ಯಾಸವಿದ್ದರೆ ಇಂದೇ ಬಿಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಲ್ಪಟ್ಟಿರುವ ಸಾಧ್ಯತೆಯಿದೆ. ಇದಕ್ಕೆ ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಹೆಸರು. ಮಧುಮೇಹಿಗಳಲ್ಲಿ, ಥೈರಾಯ್ಡ್ ತೊಂದರೆಯಿರುವವರಲ್ಲಿ ಹಾಗೂ ಗರ್ಭಿಣಿಯರಲ್ಲಿ ಇದು ಹೆಚ್ಚು. ಬಹುಕಾಲ ಅಲಕ್ಷಿಸಿದರೆ ಹೆಬ್ಬೆರಳ ಬುಡದ ಸ್ನಾಯು ಕ್ಷೀಣಿಸಿ, ಹಿಡಿತವೇ ದುರ್ಬಲವಾಗಬಹುದು.

ಎದ್ದೇಳುವುದು ಸೋಮಾರಿತನವಲ್ಲ

ಅರ್ಧ ಗಂಟೆಗೊಮ್ಮೆ ಒಂದೆರಡು ನಿಮಿಷ ಎದ್ದು ನಡೆಯಿರಿ. ದೂರವಾಣಿ ಕರೆ ಬಂದಾಗ ನಿಂತು ಮಾತನಾಡಿ. ದೊಡ್ಡ ಬಾಟಲಿಯ ಬದಲು ಲೋಟದಲ್ಲಿ ನೀರಿಟ್ಟುಕೊಂಡರೆ ಮತ್ತೆ ತುಂಬಿಸಲಾದರೂ ಏಳಬೇಕಾಗುತ್ತದೆ. ಊಟವನ್ನು ಮೇಜಿನ ಮುಂದೆಯೇ ಮುಗಿಸಬೇಡಿ. ನಿಂತು ಕೆಲಸ ಮಾಡುವ ಎತ್ತರದ ಮೇಜುಗಳೂ ಈಗ ಬಳಕೆಯಲ್ಲಿವೆ. ಆದರೆ ದಿನವಿಡೀ ನಿಲ್ಲುವುದರಿಂದಲೂ ಸೊಂಟನೋವು, ಕಾಲಿನ ರಕ್ತನಾಳಗಳ ಊತ ಉಂಟಾಗಬಹುದಾದ್ದರಿಂದ ಕೂರುವುದು, ನಿಲ್ಲುವುದು ಎರಡನ್ನೂ ಬೆರೆಸಬೇಕು. ಕಚೇರಿಯ ಹೊರಗೆ ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ವ್ಯಾಯಾಮ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ.

ಈ ವಿಷಯದಲ್ಲಿ ಮೇಲಧಿಕಾರಿಗಳ ಹೊಣೆಯೂ ಇದೆ. ಆಸನ ಬಿಟ್ಟು ಎದ್ದವರನ್ನು ಕೆಲಸಗಳ್ಳರೆಂದು ಕಾಣುವ ಕಡೆ ಯಾವ ಸಲಹೆಯೂ ಫಲಿಸದು. ಶುಚಿಯಾದ ಶೌಚಾಲಯವಿಲ್ಲದ ಕಡೆ ಮಹಿಳೆಯರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಕುರ್ಚಿಗೆ ಹಣ ಹಾಕುವ ಸಂಸ್ಥೆಗಳು ಇತ್ತಲೂ ಗಮನ ಹರಿಸಬೇಕು.

ವೈದ್ಯರನ್ನು ಕಾಣುವುದು ಯಾವಾಗ?

ಬಹುತೇಕ ಸೊಂಟನೋವು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಹಾಸಿಗೆ ಹಿಡಿಯುವುದಕ್ಕಿಂತ ಮೆಲ್ಲನೆ ಓಡಾಡಿಕೊಂಡಿರುವುದೇ ಲೇಸು. ಆದರೆ ನೋವು ಕಾಲಿನುದ್ದಕ್ಕೂ ಇಳಿದು ಜೋಮು ಹಿಡಿಯುತ್ತಿದ್ದರೆ, ನೋವಿನ ಜೊತೆ ಜ್ವರವಿದ್ದರೆ ಅಥವಾ ಅಕಾರಣವಾಗಿ ತೂಕ ಇಳಿಯುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕಾಲಿನ ಶಕ್ತಿ ಕುಂದಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ಅಥವಾ ತೊಡೆಸಂದಿಯ ಸುತ್ತ ಸ್ಪರ್ಶಜ್ಞಾನ ಮಂಕಾದರೆ ಅದೇ ದಿನ ಆಸ್ಪತ್ರೆಗೆ ಧಾವಿಸಬೇಕು.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆ ಸೋಮಾರಿಗಳನ್ನು ಕುರಿತದ್ದು. ಕೂತು ದುಡಿಯುವವರು ಸೋಮಾರಿಗಳಲ್ಲ. ಆದರೆ ದುಡಿದ ಹೊನ್ನು ಚಿಕಿತ್ಸೆಯ ಪಾಲಾಗದಿರಬೇಕಾದರೆ ಅರ್ಧ ಗಂಟೆಗೊಮ್ಮೆ ಕುರ್ಚಿ ಬಿಟ್ಟೇಳುವ ಅಭ್ಯಾಸವನ್ನು ಅವರು ಇಂದಿನಿಂದಲೇ ರೂಢಿಸಿಕೊಳ್ಳುವುದು ಒಳಿತು.