ಲೂಯಿ-ಲ-ಗ್ರಾಂ ಕಾಲೇಜಿನ ಹಳೇ ಹುಡುಗರು

1971ರ ಫೆಬ್ರವರಿಯಲ್ಲಿ ಫ್ರಾನ್ಸಿನ ಅಧ್ಯಕ್ಷ ಜಾರ್ಜ್ ಪೊಂಪಿದು ಪಶ್ಚಿಮ ಆಫ್ರಿಕಾದ ಸೆನೆಗಲ್‌ಗೆ ಹೋಗಿದ್ದ. ಅಲ್ಲಿ ಅವನನ್ನು ಬರಮಾಡಿಕೊಂಡವನು ಆ ದೇಶದ ಅಧ್ಯಕ್ಷ, ಕವಿ ಲಿಯೋಪೋಲ್ಡ್ ಸೆಂಗೋರ್. ಕಾಗದದ ಮೇಲೆ ಇದು ಎರಡು ದೇಶಗಳ ಮುಖ್ಯಸ್ಥರ ಭೇಟಿ. ಅಸಲಿಗೆ, ನಲವತ್ತು ವರ್ಷದ ಹಿಂದೆ ಪ್ಯಾರಿಸ್ಸಿನ ಒಂದೇ ತರಗತಿಯಲ್ಲಿ ಕೂತಿದ್ದ ಇಬ್ಬರು ಗೆಳೆಯರ ಭೇಟಿ. ಅಷ್ಟು ಹೊತ್ತಿಗೆ ಆ ಊರಿನ ಕೆಲವು ಹುಡುಗರು ಈ ಗೆಳೆಯರ ಕಾರುಗಳ ಸಾಲಿನ ಮೇಲೆ ದಾಳಿ ಮಾಡಲು ತಯಾರಾಗಿದ್ದರು... ಆ ಕಥೆಗೆ ಆಮೇಲೆ ಬರ್ತೀನಿ.

ಸೆಂಗೋರ್ ಹುಟ್ಟಿದ್ದು 1906ರಲ್ಲಿ, ಸೆನೆಗಲ್ಲಿನ ಜೋಲ್ ಎಂಬ ಕರಾವಳಿಯ ಊರಲ್ಲಿ. 1928ರಲ್ಲಿ ಓದಲು ಪ್ಯಾರಿಸ್ಸಿಗೆ ಹೋದ. 'ವಿದೇಶ ವ್ಯಾಸಂಗ' ಅನ್ನೋಣ ಅಂದ್ರೆ ಅದೂ ಒಂಥರಾ ತಮಾಷೆ. ಸೆನೆಗಲ್ ಆಗ ಫ್ರಾನ್ಸಿನ ವಸಾಹತು. ಸಮುದ್ರ ದಾಟಿ ಹಡಗಲ್ಲಿ ಹೋದರೂ ಕಾನೂನಿನ ಲೆಕ್ಕದಲ್ಲಿ ಅದು ಪರದೇಶವಲ್ಲ, ಹಾಗಂತ ಅವನು ಅಲ್ಲಿನ ಪೂರ್ತಿ ಪ್ರಜೆಯೂ ಅಲ್ಲ!

ಸೇರಿದ್ದು ಲೂಯಿ-ಲ-ಗ್ರಾಂ ಕಾಲೇಜು. ಸುಮಾರಾಗಿ ನಮ್ಮ ಪಿಯು ಕಾಲೇಜೂ ಎಂಟ್ರೆನ್ಸ್ ಕೋಚಿಂಗ್ ಸೆಂಟರೂ ಕೂಡಿದ ಹಾಗಿನ ಜಾಗ ಅಂದುಕೊಳ್ಳಿ. ಎಲ್ಲರ ಕಣ್ಣೂ 'ಎಕೋಲ್ ನೋರ್ಮಾಲ್' ಪ್ರವೇಶ ಪರೀಕ್ಷೆಯ ಮೇಲೆ. 1931ರಲ್ಲಿ ಪೊಂಪಿದು ಪಾಸಾದ, ಸೆಂಗೋರ್‌ಗೆ ಸೀಟು ಸಿಗಲಿಲ್ಲ. (ಎಂಟ್ರೆನ್ಸಲ್ಲಿ ರ‍್ಯಾಂಕ್ ಬರದವರು ಸಮಾಧಾನ ಮಾಡಿಕೊಳ್ಳಿ, ಈತ ಮುಂದೆ ಇಪ್ಪತ್ತು ವರ್ಷ ದೇಶ ಆಳಿದ :)) ಪೊಂಪಿದು ಹಳ್ಳಿ ಮೇಷ್ಟ್ರ ಮಗ. ತನಗೆ ಪ್ರೂಸ್ಟ್, ಬೋದಿಲೇರ್, ರಿಂಬೋ ಇವರನ್ನೆಲ್ಲ ಹಚ್ಚಿಸಿದ್ದು, ನಾಟಕ-ಮ್ಯೂಸಿಯಂಗಳ ರುಚಿ ಹತ್ತಿಸಿದ್ದು, ಸಮಾಜವಾದಿಯನ್ನಾಗಿ ಮಾಡಿದ್ದು ಪೊಂಪಿದುವೇ ಅಂತ ಸೆಂಗೋರ್ ಬರೆದುಕೊಂಡಿದ್ದಾನೆ. ಮುಂದೆ ಬಲಪಂಥೀಯರ ನಾಯಕನಾದವನು ಇನ್ನೊಬ್ಬನನ್ನು ಸಮಾಜವಾದಿ ಮಾಡಿದ್ದ ಅನ್ನೋದು ನನಗೆ ಬಹಳ ಮಜಾ ಅನಿಸಿದ ವಿಷಯ. ಇದೇ ಗುಂಪಿನಲ್ಲಿ ವಿಯೆಟ್ನಾಮಿನ ಫಾಮ್ ಝ್ವೀ ಖಿಯೆಮ್ ಕೂಡ ಇದ್ದ. 1954ರಿಂದ 57ರವರೆಗೆ ಅವನು ದಕ್ಷಿಣ ವಿಯೆಟ್ನಾಮಿನ ರಾಯಭಾರಿಯಾಗಿ ಅದೇ ಪ್ಯಾರಿಸ್ಸಿಗೆ ವಾಪಸ್ ಬಂದ.

1931ರಲ್ಲೇ ಕೆರಿಬಿಯನ್ ದ್ವೀಪ ಮಾರ್ಟಿನಿಕ್‌ನಿಂದ ಎಮೆ ಸೆಸೇರ್ ಎಂಬ ಹದಿನೆಂಟರ ಹುಡುಗ ಅಡ್ಮಿಷನ್‌ಗೆ ಬಂದ. ಕಾಲೇಜಿನ ಪಡಸಾಲೆಯಲ್ಲಿ ಎದುರಿಗೆ ಒಬ್ಬ ಕುಳ್ಳ ಕರಿಯ ಸೀನಿಯರ್: ಬೂದು ಬಣ್ಣದ ನಿಲುವಂಗಿ, ಸೊಂಟಕ್ಕೆ ಹುರಿ, ಹುರಿಯ ತುದಿಯಲ್ಲಿ ನೇತಾಡುತ್ತಿದ್ದ ಖಾಲಿ ಮಸಿಕುಡಿಕೆ. ಯಾವೂರು, ಏನು ಹೆಸರು ಅಂತ ಕೇಳಿದವನೇ ಹುಡುಗನನ್ನು ತಬ್ಬಿಕೊಂಡು, ಇನ್ಮೇಲೆ ನೀನು ನನ್ನ ಜೂನಿಯರ್ ಅಂದನಂತೆ. ನಮ್ಮ ಹಾಸ್ಟೆಲ್ಲುಗಳಲ್ಲಿ ಮೊದಲ ದಿನ ಸೀನಿಯರ್ ಹೆಸರು ಕೇಳಿದ್ದರೆ ಕಥೆ ಬೇರೆಯೇ ಆಗ್ತಿತ್ತು, ಬಿಡಿ. ಅವರಿಬ್ಬರೂ ಸೇರಿ ಪ್ಯಾರಿಸ್ಸಿನಲ್ಲಿ ಕಟ್ಟಿದ ವಿಚಾರವೇ 'ನೆಗ್ರಿಟ್ಯೂಡ್': ಕರಿಯರು ತಮ್ಮ ಕಪ್ಪುತನವನ್ನು ನಾಚಿಕೆಯಿಲ್ಲದೆ ತಮ್ಮದೆಂದು ಹೇಳಿಕೊಳ್ಳುವುದು.

ಆಮೇಲೆ ಯುದ್ಧ. 1940ರಲ್ಲಿ ಫ್ರೆಂಚ್ ಸೈನ್ಯದಲ್ಲಿದ್ದ ಸೆಂಗೋರ್ ಜರ್ಮನ್ನರ ಸೆರೆ ಸಿಕ್ಕ, 1942ರವರೆಗೂ ಕ್ಯಾಂಪುಗಳಲ್ಲಿ ಕಳೆದ. 1944ರ ಡಿಸೆಂಬರ್ 1ರಂದು ಡಕಾರ್ ಹತ್ತಿರದ ಥಿಯರೊಯ್‌ನಲ್ಲಿ, ಅವನಂತೆಯೇ ಸೆರೆಯಿಂದ ಬಿಡುಗಡೆಯಾಗಿ ಬಂದಿದ್ದ ಆಫ್ರಿಕನ್ ಸೈನಿಕರು ಬಾಕಿ ಸಂಬಳ ಕೇಳಿದರು. ಫ್ರೆಂಚ್ ಸೇನೆ ಅವರ ಮೇಲೆ ಗುಂಡು ಹಾರಿಸಿತು. ಸೆಂಗೋರ್ ಅದರ ಮೇಲೊಂದು ಕವಿತೆ ಬರೆದ. ಮರು ತಿಂಗಳೇ, 1945ರ ಜನವರಿಯಲ್ಲಿ, ಇನ್ನೊಂದು ಕವಿತೆ. ಫ್ರಾನ್ಸ್ ಮಾಡಿದ ಅನ್ಯಾಯಗಳನ್ನೆಲ್ಲ ಎಣಿಸುತ್ತಲೇ ಅದನ್ನು ಕ್ಷಮಿಸು ಅಂತ ದೇವರನ್ನು ಬೇಡುವ ಪ್ರಾರ್ಥನೆ ಅದು. ಎರಡೂ 1948ರ ಒಂದೇ ಸಂಕಲನದಲ್ಲಿವೆ. ಕ್ಷಮೆಯ ಕವಿತೆ ಯಾರಿಗೆ ಅರ್ಪಣೆ ಗೊತ್ತಾ? ಪೊಂಪಿದು ಮತ್ತು ಅವನ ಹೆಂಡತಿ ಕ್ಲೋದ್‌ಗೆ. ಒಂದಿಡೀ ದೇಶವನ್ನು ದ್ವೇಷಿಸಲು ಹೊರಟವನಿಗೆ ಅಲ್ಲೊಬ್ಬ ಕ್ಲಾಸ್‌ಮೇಟ್ ಇದ್ದುಬಿಟ್ಟರೆ ಎಷ್ಟು ಕಷ್ಟ ನೋಡಿ.

1960ರಲ್ಲಿ ಸೆಂಗೋರ್ ಸೆನೆಗಲ್ಲಿನ ಮೊದಲ ಅಧ್ಯಕ್ಷನಾದ. 1962ರಲ್ಲಿ ಪೊಂಪಿದು ಫ್ರಾನ್ಸಿನ ಪ್ರಧಾನಿ, 1969ರಲ್ಲಿ ಅಧ್ಯಕ್ಷ. 1968ರ ಮೇ ತಿಂಗಳಲ್ಲಿ ಇಬ್ಬರ ಊರಲ್ಲೂ ವಿದ್ಯಾರ್ಥಿಗಳು ಬೀದಿಗಿಳಿದರು. ಡಕಾರ್ ವಿಶ್ವವಿದ್ಯಾಲಯದೊಳಕ್ಕೆ ಸೆಂಗೋರ್ ಪೊಲೀಸರನ್ನು ನುಗ್ಗಿಸಿದ.

ಈಗ ಆ ಹುಡುಗರ ಕಥೆ. ಒಮರ್ ಬ್ಲಾಂಡಿನ್ ಡಿಯೋಪ್ ಹುಟ್ಟಿದ್ದು 1946ರಲ್ಲಿ. ಸೆನೆಗಲ್ಲಿನವನು, ಓದಿದ್ದು ಅದೇ ಲೂಯಿ-ಲ-ಗ್ರಾಂನಲ್ಲಿ! ಗೊದಾರ್‌ನ 1967ರ 'ಲಾ ಶಿನ್ವಾಝ್' ಸಿನೆಮಾದಲ್ಲಿ ಕ್ಲಾಸ್ ತಗೊಳ್ಳುವ ಕರಿಯ ಯುವಕ ಇದ್ದಾನಲ್ಲ, ಅವನೇ. 68ರ ಚಳವಳಿಯಲ್ಲಿದ್ದ ಅಂತ ಫ್ರಾನ್ಸ್ ಅವನನ್ನು 1969ರಲ್ಲಿ ಹೊರಹಾಕಿತು. ಸೆಂಗೋರ್ ತನ್ನ ಹಳೇ ಗೆಳೆಯ ಪೊಂಪಿದುವಿಗೆ ಹೇಳಿಸಿ, 1970ರಲ್ಲಿ ಹುಡುಗ ಮತ್ತೆ ಓದಲು ಹೋಗುವಂತೆ ಮಾಡಿದ. ಹಳೇ ದೋಸ್ತಿ ಬಾಗಿಲು ತೆರೆಸಿದ್ದು ಹೀಗೆ.

ಮರು ವರ್ಷ ಪೊಂಪಿದು ಬರುತ್ತಾನೆ ಅಂತ ಡಕಾರ್ ಸಿಂಗಾರವಾಗುತ್ತಿತ್ತು. ಸ್ವಾತಂತ್ರ್ಯ ಬಂದು ಹತ್ತು ವರ್ಷ ಕಳೆದರೂ ಹಳೇ ದೊರೆಗೆ ಈ ಪರಿ ಮರ್ಯಾದೆಯೇ ಅಂತ ಸಿಟ್ಟಿಗೆದ್ದ ಯುವಕರು ಜನವರಿಯಲ್ಲಿ ಫ್ರೆಂಚ್ ಸಾಂಸ್ಕೃತಿಕ ಕೇಂದ್ರಕ್ಕೆ ಬೆಂಕಿ ಇಟ್ಟರು. ಫೆಬ್ರವರಿಯಲ್ಲಿ ಕಾರುಗಳ ಮೇಲೆ ದಾಳಿಗೆ ಹೊಂಚು ಹಾಕಿ ಸಿಕ್ಕಿಬಿದ್ದರು. ಜೈಲು ಸೇರಿದವರಲ್ಲಿ ಒಮರ್‌ನ ಇಬ್ಬರು ತಮ್ಮಂದಿರಿದ್ದರು. ಒಮರ್ ಓದು ಬಿಟ್ಟು ಅವರನ್ನು ಬಿಡಿಸುವ ಯೋಜನೆಗೆ ಇಳಿದ. 1971ರ ಕೊನೆಗೆ ಪಕ್ಕದ ಮಾಲಿ ದೇಶದಲ್ಲಿ ಸಿಕ್ಕಿಬಿದ್ದ. 1972ರಲ್ಲಿ ಸೆನೆಗಲ್‌ಗೆ ಒಪ್ಪಿಸಿದರು, ಮೂರು ವರ್ಷ ಶಿಕ್ಷೆಯಾಯಿತು.

ಹಿಂದೆ ಗುಲಾಮರ ವ್ಯಾಪಾರ ನಡೆಯುತ್ತಿದ್ದ ಗೋರೆ ದ್ವೀಪದ ಜೈಲಿನಲ್ಲಿ 1973ರ ಮೇ 11ರಂದು ಒಮರ್ ಸತ್ತ. ವಯಸ್ಸು 26. ನೇಣು ಹಾಕಿಕೊಂಡ ಎಂದಿತು ಸರ್ಕಾರ. ಕೊಂದರು ಎಂದರು ಮನೆಯವರು. ಕೆದಕಲು ಶುರುಮಾಡಿದ ತನಿಖಾ ನ್ಯಾಯಾಧೀಶನನ್ನು ಬದಲಾಯಿಸಲಾಯಿತು.

ಸೆಂಗೋರ್‌ನ ಕವಿತೆ ಇಷ್ಟಪಡುವವರು ಈ ಪುಟವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ನನಗೆ ಹಾಗೆ ಆಗೋದಿಲ್ಲ. ಪೊಂಪಿದುವನ್ನು ಆ ಹುಡುಗರು ನೋಡಿದ್ದು ಕಾರಿನಲ್ಲಿ ಕೂತ ಫ್ರಾನ್ಸ್ ಆಗಿ. ಪದ್ಯ ಓದಿಸಿದ ಗೆಳೆಯ ಸೆಂಗೋರ್‌ಗೆ ಮಾತ್ರ ಕಾಣುತ್ತಿದ್ದ. ಇಬ್ಬರು ಕಂಡದ್ದೂ ನಿಜವೇ. ಆದರೆ ಜೈಲಿನ ಕೀಲಿ ಇದ್ದದ್ದು ಒಬ್ಬನ ಕೈಯಲ್ಲಿ.

1974ರ ಏಪ್ರಿಲ್‌ನಲ್ಲಿ ಪೊಂಪಿದು ಅಧಿಕಾರದಲ್ಲಿರುವಾಗಲೇ ತೀರಿಕೊಂಡ. ಖಿಯೆಮ್ ಕೂಡ ಅದೇ ವರ್ಷ ಫ್ರಾನ್ಸಿನಲ್ಲೇ ಹೋದ. 1976ರಲ್ಲಿ ಸೆಂಗೋರ್ ಮಾರ್ಟಿನಿಕ್‌ಗೆ ಹೋದಾಗ ರಾಜಧಾನಿಯ ಮೇಯರ್ ಆಗಿ ಸ್ವಾಗತ ಭಾಷಣ ಮಾಡಿದವನು ಅದೇ ಜೂನಿಯರ್ ಸೆಸೇರ್. ಪಡಸಾಲೆಯಲ್ಲಿ ಭೇಟಿಯಾಗಿ ಆಗಲೇ ನಲವತ್ತೈದು ವರ್ಷ.

ಸೆಂಗೋರ್ 2001ರ ಡಿಸೆಂಬರ್‌ನಲ್ಲಿ ನಾರ್ಮಂಡಿಯ ಮನೆಯಲ್ಲಿ ಸತ್ತ. ಡಕಾರ್‌ನಲ್ಲಿ ನಡೆದ ಅಂತ್ಯಕ್ರಿಯೆಗೆ ಫ್ರಾನ್ಸಿನ ಅಧ್ಯಕ್ಷ ಶಿರಾಕ್ ಬರಲಿಲ್ಲ, ಪ್ರಧಾನಿ ಜೋಸ್ಪನ್ ಕೂಡ ಬರಲಿಲ್ಲ. ಅಲ್ಲಿನ ಲೇಖಕ ಎರಿಕ್ ಒರ್ಸೆನಾ, ನನಗೆ ನಾಚಿಕೆಯಾಗುತ್ತಿದೆ ಅಂತ ಪತ್ರಿಕೆಯಲ್ಲಿ ಬರೆದ. ಸೆಸೇರ್ ಇನ್ನೂ ಬದುಕಿದ್ದ, 2008ರವರೆಗೆ.

ಗೋರೆಯ ಆ ಹಳೇ ಕೋಟೆ-ಜೈಲು ಈಗ ಮ್ಯೂಸಿಯಂ. ಒಮರ್‌ನ ಮನೆಯವರು ಮರುತನಿಖೆ ಆಗಲಿ ಅಂತ ಕೇಳುತ್ತಲೇ ಬಂದಿದ್ದಾರೆ.