ಚರ್ಚಿನ ಹೊರಗಿನ ಕ್ರೈಸ್ತ ವಿವಾಹ

ಯಾವ ಚರ್ಚಿನ ಪಟ್ಟಿಯಲ್ಲೂ ಹೆಸರಿಲ್ಲದೆ, ಮನೆಯ ಪ್ರಾರ್ಥನಾ ಕೂಟದಲ್ಲೇ ಯೇಸುವನ್ನು ನಂಬಿ ಬಾಳುವವರ ಲಗ್ನಕ್ಕೆ ಕ್ರೈಸ್ತ ಲಗ್ನವೆಂಬ ಮಾನ್ಯತೆ ಇದೆಯೇ ಎಂಬುದು ಹಳೆಯ ಪ್ರಶ್ನೆ. ಶಹಾಪುರ, ಸುರಪುರ ಸೀಮೆಯ ಶಿರವಾಳದಂಥ ಊರಿನಿಂದ ನೋಡಿದರೆ ಇದು ಬರೀ ಧರ್ಮಶಾಸ್ತ್ರದ ಚರ್ಚೆಯಲ್ಲ. ಹೆಂಡತಿಯ ಹಕ್ಕು, ಮಕ್ಕಳ ಆಸ್ತಿ, ಜಾತಿ ಪ್ರಮಾಣಪತ್ರ ಎಲ್ಲವೂ ಇದಕ್ಕೆ ತಗಲಿಕೊಂಡಿವೆ. ಇತಿಹಾಸ ಕೊಡುವ ಉತ್ತರ ಸ್ಪಷ್ಟವಾಗಿದೆ: ಕ್ರೈಸ್ತ ಲಗ್ನದ ತಿರುಳು ವಧೂವರರ ಒಪ್ಪಿಗೆ ಮತ್ತು ಸಾಕ್ಷಿ. ಪಶ್ಚಿಮದಲ್ಲಿ ಪಾದ್ರಿಯ ಹಾಜರಿ ಕಡ್ಡಾಯವಾದದ್ದು ಬಹಳ ತಡವಾಗಿ. ಒಪ್ಪಿಗೆಯೊಂದರಿಂದಲೇ ಮದುವೆ ಊರ್ಜಿತವಾಗುತ್ತದೆಂದು ಮಧ್ಯಯುಗದ ಪಾಶ್ಚಾತ್ಯ ಚರ್ಚೇ ಹೇಳುತ್ತಿತ್ತು. ಗುಟ್ಟಿನ ಮದುವೆಗಳಿಂದ ಹೆಣ್ಣುಮಕ್ಕಳು ಮೋಸಹೋಗುವುದು ಹೆಚ್ಚಿದಾಗ, 1563ರಲ್ಲಿ ಟ್ರೆಂಟ್ ಮಹಾಸಭೆ ಪಾದ್ರಿ ಮತ್ತು ಇಬ್ಬರು ಸಾಕ್ಷಿಗಳು ಇರಲೇಬೇಕೆಂದು ಕಟ್ಟುಮಾಡಿತು. ಅದೇ ಕಾರಣಕ್ಕೆ ಇಂಗ್ಲೆಂಡ್ 1753ರಲ್ಲಿ ಆಂಗ್ಲಿಕನ್ ಚರ್ಚಿನ ಮದುವೆಯನ್ನು ಕಡ್ಡಾಯಗೊಳಿಸಿತು. ಆದರೆ ಪಾದ್ರಿಗಳೇ ಇಲ್ಲದ ಕ್ವೇಕರರನ್ನೂ ಯಹೂದಿಗಳನ್ನೂ ಆ ಕಾಯ್ದೆಯಿಂದ ಹೊರಗಿಟ್ಟಿತು. 1836ರ ಕಾಯ್ದೆ ಉಳಿದ ಭಿನ್ನಮತೀಯರಿಗೂ ರಿಜಿಸ್ಟ್ರಾರರ ದಾರಿ ತೆರೆಯಿತು.

ಭಾರತದಲ್ಲಿ ಈ ಎಳೆ 1872ರ ಕ್ರೈಸ್ತ ವಿವಾಹ ಕಾಯ್ದೆಯಲ್ಲಿ ಮುಂದುವರಿಯಿತು. ಒಬ್ಬರಾದರೂ ಕ್ರೈಸ್ತರಾಗಿದ್ದರೆ ಲಗ್ನ ಈ ಕಾಯ್ದೆಯ ಪ್ರಕಾರವೇ ನಡೆಯಬೇಕು, ಇಲ್ಲವಾದರೆ ಅದು ಅಸಿಂಧು ಎನ್ನುತ್ತದೆ 4ನೇ ಕಲಂ. ಅಧಿಕಾರವಿಲ್ಲದೆ ಲಗ್ನ ಮಾಡಿಸಿದವರಿಗೆ 68ನೇ ಕಲಂ ಹತ್ತು ವರ್ಷದವರೆಗೆ ಸಜೆ ವಿಧಿಸುತ್ತದೆ. ಇಷ್ಟನ್ನೇ ಓದಿದವರಿಗೆ ಕಾನೂನು ಚರ್ಚಿನ ಪರ ನಿಂತಂತೆ ಕಾಣುತ್ತದೆ. 9ನೇ ಕಲಂ ಓದಿದರೆ ಆ ಅಭಿಪ್ರಾಯ ನಿಲ್ಲುವುದಿಲ್ಲ. ಭಾರತೀಯ ಕ್ರೈಸ್ತರ ಲಗ್ನಕ್ಕೆ ಪ್ರಮಾಣಪತ್ರ ಕೊಡುವ ಪರವಾನಗಿಯನ್ನು ಸರ್ಕಾರ ಯಾವ ಕ್ರೈಸ್ತನಿಗಾದರೂ ನೀಡಬಹುದು. ಅವನಿಗೆ ಪಾದ್ರಿ ದೀಕ್ಷೆಯಾಗಿರಬೇಕೆಂಬ ಮಾತೇ ಅಲ್ಲಿಲ್ಲ. ಅವನ ಮುಂದೆ, ಕನಿಷ್ಠ ಇಬ್ಬರು ನಂಬಲರ್ಹ ಸಾಕ್ಷಿಗಳ ಎದುರು, ದೇವರ ಸನ್ನಿಧಿಯಲ್ಲಿ ಕ್ರಿಸ್ತನ ಹೆಸರಿನಲ್ಲಿ ಇವಳನ್ನು ಹೆಂಡತಿಯಾಗಿ, ಇವನನ್ನು ಗಂಡನಾಗಿ ಸ್ವೀಕರಿಸುತ್ತೇನೆಂದು ಇಬ್ಬರೂ ಹೇಳಿದರೆ ಲಗ್ನ ಸಿಂಧುವಾಯಿತು. ಪ್ರಮಾಣಪತ್ರಕ್ಕೆ ಕಾಯ್ದೆ ಇಟ್ಟ ಶುಲ್ಕ ನಾಲ್ಕಾಣೆ. ದಾಖಲೆ ಪುಸ್ತಕವನ್ನು ಆಯಾ ಜಿಲ್ಲೆಯ ಆಡುಭಾಷೆಯಲ್ಲೇ ಬರೆಯಬಹುದು. ರೋಮನ್ ಕ್ಯಾಥೊಲಿಕರಿಗೆ ಪರವಾನಗಿದಾರರ ಈ ಏರ್ಪಾಟು ಅನ್ವಯಿಸುವುದಿಲ್ಲ. ಪರವಾನಗಿದಾರ ಸಿಗದ ಕಡೆ ಸರ್ಕಾರ ನೇಮಿಸಿದ ವಿವಾಹ ರಿಜಿಸ್ಟ್ರಾರರ ಬಳಿಗೆ ಹೋಗಬಹುದು.

ಆದರೂ ಈ ಸೌಕರ್ಯ ಶಿರವಾಳದ ಕಡೆಗೆ ಬೇಗ ಬರಲಿಲ್ಲ. ಸುರಪುರ ಸಂಸ್ಥಾನ 1860ರಲ್ಲೇ ನಿಜಾಮನ ವಶವಾಗಿತ್ತು. ದೇಶೀಯ ಸಂಸ್ಥಾನಗಳಲ್ಲಿ 1872ರ ಕಾಯ್ದೆ ಬ್ರಿಟಿಷ್ ರಾಣಿಯ ಕ್ರೈಸ್ತ ಪ್ರಜೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಹಾಗಾಗಿ ಯಾದಗಿರಿಯಲ್ಲಿ ಆಸ್ಪತ್ರೆ ನಡೆಸಿದ ಅಮೆರಿಕದ ಮೆಥೊಡಿಸ್ಟರಂಥ ಮಿಷನ್ನುಗಳ ಕಾಲದಲ್ಲಿ ಇಲ್ಲಿಯ ಹಳ್ಳಿ ಕ್ರೈಸ್ತರಿಗೆ ಲಗ್ನದ ದಾಖಲೆಯೆಂದರೆ ಮಿಷನ್ನಿನ ಪುಸ್ತಕವೇ. ಆ ಪುಸ್ತಕದ ಹೊರಗಿದ್ದವರು ಲೆಕ್ಕಕ್ಕೇ ಸಿಗಲಿಲ್ಲ.

ಇಂದು ಚರ್ಚಿನ ಪಟ್ಟಿಯ ಹೊರಗಿರಲು ಬೇರೊಂದು ದೊಡ್ಡ ಕಾರಣವಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನ ಕೊಟ್ಟಿದೆ. ದೀಕ್ಷಾಸ್ನಾನ ಪಡೆದ ಮಾದಿಗ ಅಥವಾ ಹೊಲೆಯ ಕುಟುಂಬ ಅದನ್ನು ಕಳೆದುಕೊಳ್ಳುತ್ತದೆ. ಅದಕ್ಕೇ ಎಷ್ಟೋ ಮನೆಗಳಲ್ಲಿ ಭಕ್ತಿ ಯೇಸುವಿಗೆ, ಕಾಗದ ಹಿಂದೂ ಹೆಸರಿಗೆ. ಲಗ್ನ ಬಂದಾಗ ಮನೆಮುಂದೆ ಹಂದರ ಹಾಕುತ್ತಾರೆ, ಕೂಟದ ಹಿರಿಯರು ವಾಕ್ಯ ಓದಿ ಪ್ರಾರ್ಥಿಸುತ್ತಾರೆ, ತಾಳಿ ಕಟ್ಟಿಸುತ್ತಾರೆ, ಬೀಗರು ಆಯೇರಿ ಮಾಡುತ್ತಾರೆ. ಆಮೇಲೆ ಹಿಂದೂ ವಿವಾಹವೆಂದು ನೋಂದಣಿ. ಅಪಾಯವಿರುವುದು ಇಲ್ಲೇ. ಹಿಂದೂ ಲಗ್ನಕ್ಕೆ ಅಗತ್ಯವಾದ ವಿಧಿ ನಡೆಯದಿದ್ದರೆ ನೋಂದಣಿ ಪತ್ರವೊಂದರಿಂದಲೇ ಮದುವೆಯಾಗದೆಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಂಡ ಕೈಬಿಟ್ಟ ದಿನ ಈ ಎಡವಟ್ಟಿನ ಭಾರ ಬೀಳುವುದು ಹೆಂಡತಿಯ ಮೇಲೆ. ನಂಬಿದವರು ಧೈರ್ಯವಾಗಿ ಕ್ರೈಸ್ತರೆಂದೇ ಬರೆಸಲಿ ಎಂದು ದೂರುವವರು, ಅದಕ್ಕೆ ಬಡ ಮಕ್ಕಳ ವಿದ್ಯಾರ್ಥಿವೇತನವೂ ಮೀಸಲಾತಿಯೂ ಬೆಲೆಯಾಗುತ್ತವೆ ಎಂಬುದನ್ನು ಎಣಿಸುವುದಿಲ್ಲ. ಈ ಗಂಟು ಬಿಗಿದದ್ದು 1950ರ ಆದೇಶ; ಲಗ್ನದಲ್ಲಿ ಅದನ್ನು ಬಿಚ್ಚಲಾಗದು.

ಚರ್ಚಿನ ಹಿಡಿತವಿಲ್ಲದಿದ್ದರೆ ಬಾಲ್ಯವಿವಾಹ, ಎರಡನೇ ಮದುವೆ ಹೆಚ್ಚುತ್ತವೆ ಎಂಬ ಆಕ್ಷೇಪ ಹೆಚ್ಚು ತೂಕದ್ದು; ಈ ಸೀಮೆಯಲ್ಲಿ ಎಳೆಯ ಹುಡುಗಿಯರ ಲಗ್ನ ಇನ್ನೂ ನಿಂತಿಲ್ಲ. ಆದರೆ ಇದಕ್ಕೆ ಮದ್ದು ದಾಖಲೆಯೇ. ಪ್ರಮಾಣಪತ್ರಕ್ಕೆ 1872ರ ಕ್ರೈಸ್ತ ವಿವಾಹ ಕಾಯ್ದೆಯ 60ನೇ ಕಲಂ ಮೊದಲಿಗೆ ಗಂಡಿಗೆ 16, ಹೆಣ್ಣಿಗೆ 13 ವರ್ಷ ದಾಟಿದರೆ ಸಾಕೆಂದಿತ್ತು. 1978ರ ತಿದ್ದುಪಡಿ ಅದನ್ನು 21 ಮತ್ತು 18ಕ್ಕೆ ಏರಿಸಿತು. ಇಬ್ಬರಿಗೂ ಜೀವಂತ ಗಂಡ, ಹೆಂಡತಿ ಇರಬಾರದೆಂಬ ನಿಯಮವೂ ಅಲ್ಲೇ ಇದೆ. ಪಾದ್ರಿಯ ಆಶೀರ್ವಾದವಿಲ್ಲದೆ ಸಂಸ್ಕಾರ ಪೂರ್ಣವಾಗದು ಎಂಬ ಮಾತಿಗೂ ಉತ್ತರವಿದೆ: ಲ್ಯಾಟಿನ್ ಕ್ಯಾಥೊಲಿಕ್ ಬೋಧನೆಯಲ್ಲೇ ವಿವಾಹ ಸಂಸ್ಕಾರವನ್ನು ಒಬ್ಬರಿಗೊಬ್ಬರು ನೀಡುವವರು ವಧೂವರರು.

ಕನ್ನಡ ನಾಡಿನಲ್ಲಿ ಪುರೋಹಿತರಿಲ್ಲದ ಮದುವೆಗೆ ಕುವೆಂಪು ಅವರ ‘ಮಂತ್ರಮಾಂಗಲ್ಯ’ 1966ರಲ್ಲೇ ಗೌರವ ತಂದಿತು. ಕಾನೂನಿನ ದಾರಿಯಾಗಿ 1954ರ ವಿಶೇಷ ವಿವಾಹ ಕಾಯ್ದೆ ಅದಕ್ಕೂ ಮುಂಚೆಯೇ ಬಂದಿತ್ತು. 1872ರ ಅದರ ಹಿಂದಿನ ರೂಪದಲ್ಲಿ, ತಾನು ಕ್ರೈಸ್ತನಲ್ಲ ಎಂದು ಘೋಷಿಸದೆ ಯಾರೂ ಮದುವೆಯಾಗುವಂತಿರಲಿಲ್ಲ; 1954ರಲ್ಲಿ ಆ ಷರತ್ತು ಹೋಯಿತು. ಈಗ 30 ದಿನದ ನೋಟಿಸು, ಮೂವರು ಸಾಕ್ಷಿಗಳು ಸಾಕು. ಹೆಸರು ನೋಟಿಸು ಹಲಗೆಯ ಮೇಲೆ ತೂಗುವ ಆ ತಿಂಗಳು ಅಂತರ್ಜಾತಿ ಜೋಡಿಗಳಿಗೆ ಕಷ್ಟದ್ದೇ. ಆದರೆ ಎರಡೂ ಮನೆಯವರು ಒಪ್ಪಿರುವ ಕೂಟದ ಜೋಡಿಗೆ, ಯಾವ ವಿಧಿಯ ಹಂಗೂ ಇಲ್ಲದೆ ನಿಲ್ಲುವ ಮದುವೆ ಇದೇ.