ಖಾನಾವಳಿ
ಉತ್ತರ ಕರ್ನಾಟಕದ ಸಣ್ಣ ಊಟದ ಮನೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಪೇಟೆಗೆ ಬಂದ ರೈತರು, ಪರವೂರ ನೌಕರರು, ವಿದ್ಯಾರ್ಥಿಗಳು ಇದನ್ನು ನೆಚ್ಚಿದ್ದಾರೆ. ಹಲವನ್ನು ಒಂದೇ ಕುಟುಂಬ ನಡೆಸುತ್ತದೆ. ಉತ್ತರ ಕರ್ನಾಟಕದಲ್ಲಿ ಸಸ್ಯಾಹಾರದ ಲಿಂಗಾಯತ ಖಾನಾವಳಿ, ಮಾಂಸದೂಟದ ಸಾವಜಿ ಖಾನಾವಳಿ ಎರಡೂ ಹೆಸರಾಗಿವೆ.

ಊಟದ ಜೀವ ಜೋಳದ ರೊಟ್ಟಿ. ಜೋಳಕ್ಕೆ ಗೋಧಿಯ ಜಿಗುಟಿಲ್ಲ. ಆದ್ದರಿಂದ ಹಿಟ್ಟಿಗೆ ಕುದಿನೀರು ಹಾಕಿ ನಾದುತ್ತಾರೆ. ಅಂಗೈಯಿಂದ ತಟ್ಟಿ, ಹಂಚಿನ ಮೇಲೆ ಹಾಕಿ, ಮೇಲ್ಭಾಗಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ತಿರುವಿ ಹಾಕಿದಾಗ ಉಬ್ಬಿ ಬರಬೇಕು. ರೊಟ್ಟಿ ಆರಿ ಬಂದರೆ ಉಳಿದದ್ದು ಎಷ್ಟು ರುಚಿಯಿದ್ದರೂ ಊಟ ಕೆಟ್ಟಂತೆಯೇ. ಜೊತೆಗೆ ಬದನೆಕಾಯಿ ಎಣ್ಣೆಗಾಯಿ, ಕಾಳುಪಲ್ಯ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ. ಕೊನೆಗೆ ಅನ್ನ, ಸಾರು, ಮಜ್ಜಿಗೆ.

ಪಲ್ಯ, ಚಟ್ನಿಗಳೆಲ್ಲ ಒಮ್ಮೆಲೇ ತಟ್ಟೆಗೆ ಬೀಳುತ್ತವೆ, ರೊಟ್ಟಿ ಒಂದಾದ ಮೇಲೊಂದು ಬರುತ್ತದೆ. ಅಡುಗೆ ಋತುವಿಗೆ ತಕ್ಕಂತೆ ಬದಲಾಗುತ್ತದೆ: ಚಳಿಗಾಲಕ್ಕೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಳೆಯ ಮೆಂತ್ಯೆ ಸೊಪ್ಪು. ಆದರೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರಲ್ಲಿ ಅನೇಕರು ಖಾನಾವಳಿಗೆ ಹೋಗದೆ ತಾವೇ ಒಲೆ ಹೂಡಿ ಅಡುಗೆ ಮಾಡಿಕೊಳ್ಳುತ್ತಾರೆ.